ಭಾರ ಎತ್ತಬಾರದೆಂದ ಮೇಲೆ

ಮಧ್ಯಾಹ್ನದ ಊಟದ ನಂತರ ಕಣ್ಣು ಹತ್ತುವ ಹೊತ್ತಿನಲ್ಲಿ ಇಂದಿಗೂ ನನ್ನ ಎರಡೂ ಕೈಗಳು ತಾವಾಗಿಯೇ ಮುಂದೆ ಚಾಚಿಕೊಳ್ಳುತ್ತವೆ. ನೋಡಿದವರಿಗೆ ಯಾರನ್ನೋ ಅಪ್ಪಿಕೊಳ್ಳಲು ಹೊರಟಂತೆ ಕಾಣಬಹುದು. ವಾಸ್ತವವಾಗಿ ಅವು ನನ್ನ ಯಜಮಾನರ ಕಂಕುಳನ್ನು ಹುಡುಕುತ್ತಿರುತ್ತವೆ. ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಅವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಮಂಚಕ್ಕೆ ಎತ್ತಿ ಸಾಗಿಸಿದ ವರ್ಷಗಳು ಕೈಗಳಲ್ಲಿ ಉಳಿದುಬಿಟ್ಟಿವೆ. ಅರೆನಿದ್ದೆಯಲ್ಲಿ ಅವರು ಹಗುರವಾಗಿರುತ್ತಾರೆ. ಹಿಂಜಿದ ಹತ್ತಿಯಂತೆ ಮೇಲೇಳುತ್ತಾರೆ. ಎಚ್ಚರವಾದಾಗ ಕೈಯಲ್ಲಿ ಗಾಳಿ ಮಾತ್ರ ಇರುತ್ತದೆ.

ಆ ಭಾರದಿಂದ ನನ್ನ ಗರ್ಭಚೀಲ ಜಾರಿತು. ಈ ಮಾತನ್ನು ಇಷ್ಟು ನೇರವಾಗಿ ಬರೆಯಬಾರದೆಂಬುದು ನನಗೂ ಗೊತ್ತು. ನಮ್ಮ ಇಂಡಿ ಊರಿನ ಮಹಿಳಾ ಸಂಘದ ಸಭೆಯಲ್ಲಿ ನಾನು ಇದನ್ನು ಬಾಯಿಬಿಟ್ಟು ಹೇಳಿದ ಮೇಲೆ, ನಿವೃತ್ತ ಶಿಕ್ಷಕಿಯೊಬ್ಬಳಿಗೆ ಇಂಥ ಮಾತು ಶೋಭಿಸದೆಂದು ಓಣಿಯ ಹಿರಿಯರೊಬ್ಬರು ಹೇಳಿಕಳುಹಿಸಿದರು. ಅವರ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. ಅವರು ಹೇಳಿಕಳುಹಿಸಿದ ಮಾತು ಅಕ್ಷರಶಃ ನೆನಪಿದೆ. ಅದೇ ಸಭೆಯ ಮೂಲೆಯಲ್ಲಿ ಸೆರಗನ್ನು ನಡುವಿಗೆ ಬಿಗಿದು, ತುಟಿಯನ್ನೂ ಹಾಗೆಯೇ ಬಿಗಿದು ಕುಳಿತಿದ್ದ ಹೆಂಗಸರ ಮುಖಗಳೂ ನೆನಪಿವೆ. ಬರೆಯುತ್ತಿರುವುದು ಅವರಿಗಾಗಿ.

ಇಂಡಿಯ ಶಾಲೆಗೆ ವರ್ಗವಾಗಿ ಬರುವ ಮೊದಲು ಮುದ್ದೇಬಿಹಾಳ ತಾಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿದವಳು ನಾನು. ವಿಜ್ಞಾನದ ಸನ್ನೆಕೋಲಿನ ಪಾಠ ನನಗೆ ಬಾಯಿಪಾಠ. ಒಂದು ತುದಿಗೆ ಭಾರ, ಇನ್ನೊಂದು ತುದಿಗೆ ಬಲ, ನಡುವೆ ಆನಿಕೆ. ಎತ್ತುವ ವಸ್ತು ದೇಹದಿಂದ ದೂರವಾದಷ್ಟೂ ಬೆನ್ನಿನ ಮೇಲಿನ ಹೊರೆ ಹೆಚ್ಚುತ್ತದೆ. ಆದ್ದರಿಂದ ಅದನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು, ಮೊಣಕಾಲು ಮಡಚಿ, ತೊಡೆಯ ಸ್ನಾಯುಗಳಿಂದ ಎತ್ತಬೇಕು. ಪಾಠದ ಜೊತೆಗಿದ್ದ ಚಿತ್ರದಲ್ಲಿ ಚಡ್ಡಿ ತೊಟ್ಟ ಗಂಡಸೊಬ್ಬ ಪೆಟ್ಟಿಗೆ ಎತ್ತುತ್ತಿದ್ದ. ಅವನ ತೋಳು, ಬೆನ್ನು, ತೊಡೆಗಳಿಗೆ ಬಾಣದ ಗುರುತುಗಳಿದ್ದವು. ಹೆಂಗಸಿನ ದೇಹದ ತಳದಲ್ಲಿ, ಎತ್ತಿದ್ದೆಲ್ಲದರ ಒತ್ತಡವನ್ನು ಕೊನೆಗೆ ತಡೆದು ನಿಲ್ಲುವ ಸ್ನಾಯುಗಳೂ ಇವೆಯೆಂದು ಯಾವ ಬಾಣವೂ ತೋರಿಸಲಿಲ್ಲ. ಕೊಡ ಎತ್ತುವ, ಹೊರೆ ಎತ್ತುವ, ಮಕ್ಕಳನ್ನು ಎತ್ತುವ ಹುಡುಗಿಯರಿಗೆ ಆ ಗಂಡಸನ್ನು ತೋರಿಸಿ ನಾನು ಪಾಠ ಮುಗಿಸುತ್ತಿದ್ದೆ. ಆ ಚಿತ್ರ ಬರೆದವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಅದು ಚಳಿಗಾಲದ ಒಂದು ಬೆಳಗು. ಕಿಟಕಿಯ ಬಿಸಿಲು ಹಾಲಿನ ಕೆನೆಯಂತೆ ಮಂಚದ ಮೇಲೆ ಹರಡಿತ್ತು. ಯಜಮಾನರ ಕಂಕುಳಿಗೆ ಕೈ ಕೊಟ್ಟು, ಉಸಿರು ಬಿಗಿಹಿಡಿದು ಎತ್ತಿದೆ. ನೆನೆದ ಬಟ್ಟೆಯೊಂದು ಹಗ್ಗದಿಂದ ಸದ್ದಿಲ್ಲದೆ ಜಾರುವಂತೆ, ನನ್ನೊಳಗೆ ಏನೋ ಕೆಳಕ್ಕೆ ಸರಿಯಿತು. ನೋವಿರಲಿಲ್ಲ. ನನ್ನದಲ್ಲದ ವಸ್ತುವೊಂದನ್ನು ಕಾಲುಗಳ ನಡುವೆ ಹಿಡಿದುಕೊಂಡು ನಡೆಯುತ್ತಿರುವ ಭಾವನೆ ಮಾತ್ರ ಇತ್ತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ಕುಡಿಸಿ, ಬಳಿಕ ಬಚ್ಚಲಿಗೆ ಹೋಗಿ ಗೋಡೆ ಹಿಡಿದು ನಿಂತೆ.

ನಮ್ಮ ಸೀಮೆಯಲ್ಲಿ ಭಾರ ಎತ್ತಿದವರಿಗೆ ಹೊಟ್ಟೆಯಲ್ಲಿ ಏನಾದರೂ ಅದು ಬಟ್ಟಿಯೇ. ಹೊಕ್ಕುಳಿನ ಕೆಳಗಿನ ನಾಡಿ ತನ್ನ ಜಾಗ ಬಿಟ್ಟು ಸರಿದಿದೆ ಎಂದು ಅರ್ಥ. ಅದನ್ನು ತಿಕ್ಕಿ ಸರಿಪಡಿಸುವವರು ಓಣಿಗೊಬ್ಬರಿರುತ್ತಾರೆ. ನಮ್ಮ ಓಣಿಯ ನೀಲವ್ವ ಔಡಲೆಣ್ಣೆಯ ಬಟ್ಟಲು ಹಿಡಿದು ಬಂದಳು.

"ಬಟ್ಟಿ ಸರದೈತ್ರಿ ಅಕ್ಕೋರ. ಅಷ್ಟು ದೊಡ್ಡ ಮನಷ್ಯಾನ್ನ ದಿನಾ ಎತ್ತಿದ್ರ ಇರ್ತೈತೇನ್ರಿ? ಅಂಗಾತ ಮಲಗ್ರಿ."

ಆಕೆ ಹೊಕ್ಕುಳ ಸುತ್ತ ಎಣ್ಣೆ ತಿಕ್ಕಿ, ಹೊಟ್ಟೆಯ ಮೇಲೆ ದೀಪವಿಟ್ಟು ತಂಬಿಗೆ ಬೋರಲು ಹಾಕಿದಳು. ಅಂಗಾತ ಮಲಗಿದಾಗ ಜಾರಿದ್ದು ತಾನಾಗಿ ಒಳಸರಿಯುತ್ತಿತ್ತು. ಅದನ್ನು ನೀಲವ್ವನ ಕೈಗುಣವೆಂದು ಆಕೆಯೂ ನಂಬಿದಳು, ವಿಜ್ಞಾನ ಕಲಿಸಿದ ನಾನೂ ನಂಬಿದೆ. ಎದ್ದು ಯಜಮಾನರನ್ನು ಎತ್ತುತ್ತಿದ್ದಂತೆ ಅದು ಮತ್ತೆ ಇಳಿಯುತ್ತಿತ್ತು. ಮತ್ತೆ ನೀಲವ್ವ ಬರುತ್ತಿದ್ದಳು. ದೀಪ ಆರಿದಾಗ ತಂಬಿಗೆ ಹೊಟ್ಟೆಯನ್ನು ಮೇಲಕ್ಕೆ ಹೀರಿ ಹಿಡಿಯುವ ಆ ಕ್ಷಣದಲ್ಲಿ, ನಾನೇ ಮೇಲಕ್ಕೆ ಎತ್ತಲ್ಪಟ್ಟಂತೆ ಹಿತವಾಗುತ್ತಿತ್ತು. ಹೀಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದವು.

ಮನೆಯಲ್ಲಿ ಎತ್ತಲು ಬೇರೆ ಯಾರೂ ಇರಲಿಲ್ಲವೇ ಎಂದು ಕೇಳುವಿರಿ. ಮಗ ಸರ್ಕಾರಿ ಬಸ್ಸಿನ ಚಾಲಕ. ಒಂದು ದಿನ ಮನೆಯಲ್ಲಿದ್ದರೆ ಮರುದಿನ ಬಸ್ಸಿನ ಜೊತೆ ಮುದ್ದೇಬಿಹಾಳದಲ್ಲಿ ರಾತ್ರಿ ವಸ್ತಿ. ಸೊಸೆ ರೇಣುಕಾ ಚಡಚಣದವಳು. ತವರಿನ ತೋಟದಲ್ಲಿ ದ್ರಾಕ್ಷಿ ತುಂಬಿದ ಪೆಟ್ಟಿಗೆ ಎತ್ತಿ ಬೆಳೆದ ಗಟ್ಟಿ ಹುಡುಗಿ. ಆದರೆ ಆಕೆ ಮಾವನೆದುರು ತಲೆಯ ಮೇಲಿನ ಸೆರಗು ಇಳಿಸಿದವಳಲ್ಲ. ಮಾವನೂ ಆಕೆ ಬರುವ ಸಪ್ಪಳ ಕೇಳಿದರೆ ಧೋತರ ಸರಿಪಡಿಸಿಕೊಂಡು ಮುಖ ಗೋಡೆಗೆ ತಿರುಗಿಸುವವರು. ಲಿಂಬೆಕಾಯಿ ಪೇಟೆಯಲ್ಲಿ ತುಂಬಿದ ಚೀಲಗಳನ್ನು ಬೆನ್ನ ಮೇಲೆ ಹೊತ್ತ ಮನುಷ್ಯ ಅವರು. ಒಮ್ಮೆ ನನಗೆ ಜ್ವರ ಬಂದಾಗ ರೇಣುಕಾ ಬಚ್ಚಲಿಗೆ ಕರೆದೊಯ್ಯಲು ಹೋಗಿದ್ದಳು. ಅವರು ಬಲಗೈಯಿಂದ ಮಂಚದ ಪಟ್ಟಿಯನ್ನು ಹಿಡಿದು ಬಿಡಲೇ ಇಲ್ಲ. "ಬ್ಯಾಡ. ಸೊಸಿ ಬ್ಯಾಡ," ಎಂದು ತೊದಲಿದರು. ಅಂದು ಸಂಜೆಯವರೆಗೆ ನೀರು ಮುಟ್ಟಲಿಲ್ಲ, ಮತ್ತೆ ಬಚ್ಚಲಿಗೆ ಹೋಗಬೇಕಾದೀತೆಂದು.

ಕೊನೆಗೆ ರಕ್ತದ ಕಲೆ ಕಂಡ ಮೇಲೆ ಹೆದರಿದೆ. ಇಂಡಿಯ ಯಾವ ದವಾಖಾನೆಗೆ ಹೋದರೂ ನನ್ನ ಗುರುತಿನವರಿರುತ್ತಾರೆಂದು ಸಿಂದಗಿಯ ಬಸ್ಸು ಹತ್ತಿದೆ. ಕಿಟಕಿಯಾಚೆ ತೊಗರಿ ಹೊಲಗಳು ಹಳದಿ ಹೂ ಬಿಟ್ಟು ಬಿಸಿಲಿನಲ್ಲಿ ತೇಲುತ್ತಿದ್ದವು. ಬಸ್ಸು ಕುಲುಕಿದಾಗಲೆಲ್ಲ ನಾನು ಎರಡೂ ಕಾಲುಗಳನ್ನು ಒತ್ತಿ ಹಿಡಿದು, ಇದು ಬಟ್ಟಿಯೇ ಆಗಿರಲೆಂದು ಬೇಡಿಕೊಂಡೆ.

ಅಲ್ಲಿನ ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಮಾಬೂಬಿ ಎಂಬ ಹೆಂಗಸು ಕುಳಿತಿದ್ದಳು. ನಾಲತವಾಡದವಳು, ಸಿಂದಗಿಯ ಮಗಳ ಮನೆಗೆ ಬಂದಿದ್ದಳು. ಏನಾಗಿದೆಯೆಂದು ಕೇಳಿದಳು. ಹೊಟ್ಟೆನೋವು ಎಂದೆ. ಆಕೆ ನನ್ನ ನಡುವಿಗೆ ಬಿಗಿದ ಸೆರಗನ್ನು ನೋಡಿ ಮೆಲ್ಲಗೆ ನಕ್ಕಳು.

"ಹೊಟ್ಟಿನೂವಿಗೆ ಯಾರೂ ಸೆರಗು ಇಷ್ಟು ಬಿಗಿಯಂಗಿಲ್ರಿ. ನನಗೂ ಅದ ಐತಿ."

ಅಷ್ಟರಲ್ಲಿ, ಚೀಟಿ ಬರೆಸುವಾಗ ನಾನು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡಿದ್ದ ಹುಡುಗಿ ಒಳಗಿನಿಂದಲೇ, "ಗರ್ಭಚೀಲ ಹೊರಗ ಬರಾಕತ್ತೈತಂದ್ರಲ್ಲ, ಅವರ್ಯಾರ್ರಿ? ಬರ್ರಿ ಒಳಗ!" ಎಂದು ಇಡೀ ದವಾಖಾನೆಗೆ ಕೇಳಿಸುವಂತೆ ಕೂಗಿದಳು. ಗಂಡಸರು ತಲೆ ಎತ್ತಿದರು. ಎದುರು ಬೆಂಚಿನಿಂದ ಒಬ್ಬಾತ ಎದ್ದುನಿಂತು, "ನಮಸ್ಕಾರ್ರಿ ಅಕ್ಕೋರ, ನಾ ನಿಮ್ಮ ಕೈಯಾಗ ಕಲ್ತಾಂವ್ರಿ!" ಎಂದ. ನಾನು ಅವನಿಗೆ ಆಶೀರ್ವಾದ ಮಾಡಿ ಒಳಗೆ ಹೋದೆ. ಆ ಹುಡುಗಿಯ ಧ್ವನಿ ಇನ್ನೂ ಕಿವಿಯಲ್ಲಿದೆ. ಮಾಬೂಬಿ ನಾನು ಬರುವವರೆಗೆ ನನ್ನ ಚೀಲ ಹಿಡಿದುಕೊಂಡು ಕುಳಿತದ್ದೂ ನೆನಪಿದೆ.

ವೈದ್ಯೆ ನನ್ನನ್ನು ಅಜ್ಜಿ ಎಂದು ಕರೆದಳು. ಇಷ್ಟು ದಿನ ಯಾಕೆ ಸುಮ್ಮನೆ ಕುಳಿತಿರೆಂದು ಕೇಳಿದಳು. ಇವೆರಡನ್ನೂ ನಾನು ಗಮನಿಸಿದೆ. ಆದರೆ ಆಕೆ ತನ್ನ ದುಪಟ್ಟಾದ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟು, ನಡುವೆ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಇಟ್ಟಳು. ಬಟ್ಟೆ ಜೋತುಬಿತ್ತು.

"ತಳದ ಸ್ನಾಯು ಹೀಂಗ ಇರ್ತಾವ್ರಿ, ಜೋಳಿಗಿ ಇದ್ದಂಗ. ನೀವು ಉಸರು ಬಿಗಿ ಹಿಡದು ಎತ್ತಿದಾಗೆಲ್ಲ ಮ್ಯಾಲಿಂದ ಒತ್ತಡ ಬೀಳ್ತೈತಿ. ಆ ಜೋಳಿಗಿ ಹಿಗ್ಗಿ ಹಿಗ್ಗಿ ಸೋತೈತಿ. ಅದು ನಿಮ್ಮ ತಪ್ಪಲ್ಲ."

ನಿಮ್ಮ ತಪ್ಪಲ್ಲ ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಎಂದದ್ದನ್ನು ಆ ಒಂದು ಮಾತಿಗಾಗಿ ಮನ್ನಿಸಿಬಿಟ್ಟೆ.

ಶಸ್ತ್ರಚಿಕಿತ್ಸೆ ಆಗಬೇಕು, ಬಿಜಾಪುರಕ್ಕೆ ಹೋಗಬೇಕು ಎಂದಳು. ಅನಂತರ ತಿಂಗಳುಗಟ್ಟಲೆ ಒಂದು ತುಂಬಿದ ತಂಬಿಗೆಗಿಂತ ಹೆಚ್ಚಿನದನ್ನು ಎತ್ತಬಾರದು, ಎತ್ತಿದರೆ ಹೊಲಿಗೆ ಬಿಚ್ಚಿ ಮೊದಲಿನಂತೆಯೇ ಆಗುವುದೆಂದಳು. ಬಸ್ಸಿನಲ್ಲಿ ಮರಳುವಾಗ ಶಸ್ತ್ರಚಿಕಿತ್ಸೆಯ ಭಯ ನನಗಿರಲಿಲ್ಲ. ಯಜಮಾನರನ್ನು ಯಾರು ಎತ್ತುವರು? ತೊಗರಿಯ ಹಳದಿಯೂ ಕಣ್ಣಿಗೆ ಕಾಣಲಿಲ್ಲ. ಈ ಒಂದು ಪ್ರಶ್ನೆಗಾಗಿ ಚಿಕಿತ್ಸೆಯನ್ನು ಮುಂದೂಡಿದೆ. ಮಗ ವಿಷಯ ತಿಳಿದು ನೆಲ ನೋಡುತ್ತ, "ಹೆಂಗಸರ ಸಮಾಚಾರ, ನನಗೇನ ಗೊತ್ತಾಗ್ತೈತಿ. ಡಾಕ್ಟರ್ ಹೇಳಿದಂಗ ಮಾಡವ್ವಾ," ಎಂದು ಕೆಲಸಕ್ಕೆ ಹೋದ. ಆಳು ಇಡೋಣವೆಂದರೆ ಪರರ ಕೈ ಮೈಮೇಲೆ ಬೀಳುವುದನ್ನು ಯಜಮಾನರು ಒಲ್ಲೆನೆಂದರು. ಅವರು ಒಪ್ಪಬಹುದಾದ ಕೈ ನನ್ನದು ಬಿಟ್ಟರೆ ಇನ್ನೊಂದೇ ಇತ್ತು. ಅದು ಬಸವನ ಬಾಗೇವಾಡಿಯಲ್ಲಿದ್ದ ಅವರ ತಂಗಿ ಶಂಕ್ರವ್ವನದು.

ಈ ನನ್ನ ನಾದಿನಿಯ ಬಗ್ಗೆ ಕ್ರಮವಾಗಿ ಹೇಳಬೇಕು. ನಾನು ಮದುವೆಯಾಗಿ ಬಂದು ಮೊದಲ ಸಲ ನೀರಿಗೆ ಹೋದ ದಿನ, ಬಾವಿಯ ಕಟ್ಟೆಯ ಮೇಲೆ ನಿಂತು, "ಇಕಿ ಕೊಡ ಎತ್ತತಾಳೋ, ಕೊಡಾನ ಇಕಿನ್ನ ಎತ್ತತೈತೋ ನೋಡ್ರೆವಾ!" ಎಂದು ಊರ ಹೆಂಗಸರನ್ನು ನಗಿಸಿದವಳು ಆಕೆ. ಅಂದಿನಿಂದ ನಾನು ಒಂದರ ಮೇಲೊಂದು ಎರಡು ಕೊಡ ಹೊತ್ತೆ. ಬಸುರಿಯಾಗಿದ್ದಾಗಲೂ ಹೊತ್ತೆ. ನನ್ನ ಮಗನ ತೊಟ್ಟಿಲ ದಿನ, ಕೂಸು ತಾಯಿಯಂತೆ ಕಡ್ಡಿ ಎಂದಳು. ಕಟ್ಟಕಡೆಗೆ ಅಣ್ಣನಿಗೆ ಲಕ್ವ ಹೊಡೆದ ದಿನ, ದವಾಖಾನೆಯ ಅಂಗಳದಲ್ಲಿ ಬೀಗರೆಲ್ಲರ ಮುಂದೆ, "ಇಕಿ ಮಾತಿನ ಚುಚ್ಚಿಗೇ ನಮ್ಮಣ್ಣ ಬಿದ್ದ," ಎಂದಳು. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತ್ತು.

ಆಕೆಯನ್ನು ನಾನು ಕರೆಯಲಿಲ್ಲ. ಇದು ಸ್ಪಷ್ಟವಾಗಿರಲಿ. ನನ್ನನ್ನು ಕೇಳದೆ ಫೋನು ಮಾಡಿದವಳು ರೇಣುಕಾ. ಒಂದು ಮುಂಜಾನೆ ಶಂಕ್ರವ್ವ ರೊಟ್ಟಿಯ ಗಂಟು ಹಿಡಿದು ಬಂದು ಪಡಸಾಲೆಯಲ್ಲಿ ಕುಳಿತಳು. ನಾನು ಎದುರಿಗೇ ಇದ್ದೆ.

"ರೇಣುಕಾ, ನಿಮ್ಮತ್ತಿಗೆ ಹೇಳು, ಅಣ್ಣನ್ನ ನಾ ನೋಡ್ಕೊಂತೇನಿ. ಅಕಿ ಹೋಗಿ ತನ್ನ ಕೆಲಸ ಮಾಡಿಸ್ಕೊಂಡು ಬರಲಿ."

"ರೇಣುಕಾ, ಅವರಿಗೆ ಹೇಳು, ಚಹಾ ಆರಾಕತ್ತೈತಿ."

ರೇಣುಕಾ ಇಬ್ಬರ ನಡುವೆ ನಿಂತು, "ಇಬ್ಬರಿಗೂ ಕೇಳಿಸ್ತಲ್ರಿ? ನಾ ಒಲಿ ನೋಡ್ತೇನಿ," ಎಂದು ಒಳಗೆ ಹೋದಳು.

ನಮ್ಮ ಕಡೆಯ ನೀರಿನ ಕಟ್ಟೆಗಳಲ್ಲಿ ಒಂದು ರೂಢಿ ಇತ್ತು. ಮಾತು ಬಿಟ್ಟ ಹೆಂಗಸರೂ ಕೊಡ ತಲೆಗೇರಿಸುವಾಗ ಪರಸ್ಪರ ಕೈ ಹಚ್ಚುತ್ತಿದ್ದರು. ಒಬ್ಬಳು ಕೊಡದ ಕಂಠ ಹಿಡಿದರೆ ಇನ್ನೊಬ್ಬಳು ತಳ ಹಿಡಿಯುತ್ತಿದ್ದಳು. ಇಬ್ಬರೂ ಬೇರೆ ಬೇರೆ ದಿಕ್ಕು ನೋಡುತ್ತ ಎತ್ತಿ, ಮಾತಿಲ್ಲದೆ ತಂತಮ್ಮ ದಾರಿ ಹಿಡಿಯುತ್ತಿದ್ದರು. ಕೈ ಹಚ್ಚಿದ ಮಾತ್ರಕ್ಕೆ ಜಗಳ ಮುಗಿಯಿತೆಂದು ಯಾರೂ ತಿಳಿಯುತ್ತಿರಲಿಲ್ಲ. ಆ ರೂಢಿಯ ಮರ್ಯಾದೆಗೆ ಒಳಪಟ್ಟು ನಾನು ಶಂಕ್ರವ್ವನ ಸೇವೆಯನ್ನು ಒಪ್ಪಿಕೊಂಡು ಬಿಜಾಪುರಕ್ಕೆ ಹೊರಟೆ.

ಬೆನ್ನಿಗೆ ಚುಚ್ಚಿದ ಸೂಜಿಯೊಂದಿಗೆ ನಡುವಿನ ಕೆಳಗಿನ ನಾನು ಇಲ್ಲವಾದೆ. ಕಾಲುಗಳು ಯಾರದೋ ಆದವು. ಇಷ್ಟು ದಿನ ಕೆಳಕ್ಕೆ ಎಳೆಯುತ್ತಿದ್ದದ್ದು ಒಮ್ಮೆಲೇ ಕೈಬಿಟ್ಟಿತು. ಮಂಪರಿನಲ್ಲಿ ಲೋಕದ ಭಾರವೆಲ್ಲ ಬಿಡುಗಡೆಯಾದುದನ್ನು ಕಂಡೆ. ತುಂಬಿದ ಕೊಡಗಳು ನೀರು ತುಳುಕಿಸದೆ ಬಾವಿಯಿಂದ ಮೇಲೆದ್ದವು. ಬೀಸುವ ಕಲ್ಲು ಅಡಿಗೆಮನೆಯ ಬೆಳಕಿಂಡಿಯತ್ತ ತೇಲಿತು. ಮುದ್ದೇಬಿಹಾಳದ ಶಾಲೆಯ ಹುಡುಗಿಯರು ಗೋಣಿತಟ್ಟಿನಿಂದ ಒಂದು ಗೇಣು ಮೇಲೆ ಕುಳಿತು ಮಗ್ಗಿ ಹೇಳುತ್ತಿದ್ದರು. ಪುಸ್ತಕದ ಚಡ್ಡಿಯ ಗಂಡಸು ತನ್ನ ಪೆಟ್ಟಿಗೆಯನ್ನು ಹುಡುಕುತ್ತ ಅಲೆಯುತ್ತಿದ್ದ. ಶಂಕ್ರವ್ವ ಅಂಗಳದಲ್ಲಿ ಆಡಿದ ಮಾತು ಮಾತ್ರ ಕಲ್ಲಿನಂತೆ ನೆಲದ ಮೇಲೆಯೇ ಕುಳಿತಿತ್ತು. ದೂರದಲ್ಲೆಲ್ಲೋ ಒಬ್ಬರು, ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ ಇದೆಯೇ ಎಂದು ಕೇಳುತ್ತಿದ್ದರು. ಕಣ್ಣು ತೆರೆದಾಗ ಮಗ ಮಂಚದ ಪಕ್ಕದಲ್ಲಿ ಕುಳಿತು, ಹೆಂಗಸರ ವಾರ್ಡಿನಲ್ಲಿ ಯಾರ ಮುಖವನ್ನೂ ನೋಡದಿರಲು ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಆದರೂ ನನ್ನ ಕಾಲಬೆರಳುಗಳನ್ನು ಹೊದಿಕೆಯ ಮೇಲಿಂದ ಹಿಡಿದಿದ್ದ. ಅದು ಸಾಕಾಗಿತ್ತು.

ಮನೆಗೆ ಬಂದ ಮೇಲೆ ಯಜಮಾನರ ಎದುರಿನ ಮಂಚದಲ್ಲಿ ಮಲಗಿದೆ. ಮೊದಲ ದಿನವೇ ಶಂಕ್ರವ್ವ ಅವರನ್ನು ಎತ್ತುವುದನ್ನು ಕಂಡೆ. ಕಾಲು ನೆಟ್ಟಗಿಟ್ಟು, ಬೆನ್ನು ಬಗ್ಗಿಸಿ, ಕೈ ದೂರ ಚಾಚಿ ಜಗ್ಗುತ್ತಿದ್ದಳು. ಅವರು ಅರ್ಧಕ್ಕೆ ಎದ್ದು ವಾಲಿದರು. ನನ್ನ ಬಾಯಿಂದ ತಾನಾಗಿಯೇ ಹೊರಬಿತ್ತು:

"ನಡಾ ಬಗ್ಗಸಬ್ಯಾಡ! ಮೊಣಕಾಲ ಮಡಚು! ಎದಿಗೆ ಹಚ್ಚಿ ಹಿಡಿ, ಉಸರು ಬಿಡು!"

ಶಂಕ್ರವ್ವ ಬೆಚ್ಚಿ ಮೊಣಕಾಲು ಮಡಚಿದಳು. ಅವರನ್ನು ಕುರ್ಚಿಗೆ ದಾಟಿಸಿದ ಮೇಲೆ ತಿರುಗಿ ನೋಡಿದಳು.

"ಸಾಲಿ ಬಿಟ್ಟರೂ ಅಕ್ಕೋರಕಿ ಬಿಡಲಿಲ್ಲ ನೋಡು."

"ದಡ್ಡರು ಇರೋತನಕ ಬಿಡಾಕ ಬರಂಗಿಲ್ಲ."

ಯಜಮಾನರ ಸೊಟ್ಟ ತುಟಿಯಲ್ಲಿ ನಗೆ ಇಣುಕಿತು. ವರ್ಷಗಳ ನಂತರ ನಾವಾಡಿದ ಮೊದಲ ಮಾತುಗಳಿವು.

ನಾನು ಮಲಗಿರುವವಳು, ನೋಡುವುದೇ ನನ್ನ ಕೆಲಸ. ಅಣ್ಣನನ್ನು ಎತ್ತಿದ ಪ್ರತಿಸಲವೂ ಶಂಕ್ರವ್ವ ಹೊಸ್ತಿಲ ಮೇಲೆ ಕಾಲು ಹೆಣೆದು ಕೂರುವುದನ್ನು ಕಂಡೆ. ಎದ್ದಾಗ ಸೆರಗನ್ನು ನಡುವಿಗೆ ಮತ್ತೊಂದು ಸುತ್ತು ಬಿಗಿಯುವುದನ್ನು ಕಂಡೆ. ಆ ನಡಿಗೆಯನ್ನು ನಾನು ಒಂದು ಬೇಸಿಗೆ, ಒಂದು ಮಳೆಗಾಲ ನಡೆದಿದ್ದೆ. ರೇಣುಕಾಳ ಮೂಲಕ ಕೇಳಿಸಬಹುದಾದ ಪ್ರಶ್ನೆ ಅದಾಗಿರಲಿಲ್ಲ.

"ನಿನಗೂ ಐತೇನು?" ಎಂದೆ.

ಆಕೆ ನಡುವಿಗೆ ಬಿಗಿದ ಸೆರಗನ್ನು ಸಡಿಲಿಸಿದಳು. "ಐತಿ, ವೈನಿ," ಎಂದು ನನ್ನನ್ನು ಅತ್ತಿಗೆಯೆಂದು ಕರೆದಳು.

"ಯಾವಾಗಿಂದ?"

"ನಮ್ಮ ಸಣ್ಣಾಂವ ಹುಟ್ಟಿದಾಗಿಂದ. ಅವಗ ಈಗ ತಲಿ ಬೆಳ್ಳಗಾಗಾಕ ಹತ್ತೈತಿ."

"ಮತ್ತ ಅಣ್ಣನ್ನ ಯಾಕ ಎತ್ತಿದಿ?"

"ಇನ್ಯಾರ ಎತ್ತತಿದ್ರು? ನಿನ್ನ ಹೊಲಿಗಿ ಬಿಚ್ಚಿ ಹೋಗಲೆಂತ ನೋಡ್ಕೋತ ಕುಂದರಬೇಕಿತ್ತೇನು?"

ಈ ಮಾತಿನಿಂದ ಬಾವಿಯ ಕಟ್ಟೆಯ ಮಾತು, ತೊಟ್ಟಿಲ ಮಾತು, ದವಾಖಾನೆಯ ಅಂಗಳದ ಮಾತು ಅಳಿಸಿಹೋದವೆಂದು ಯಾರೂ ಭಾವಿಸಬಾರದು. ಅವು ಇದ್ದಲ್ಲೇ ಇವೆ. ಇದನ್ನೂ ಅವುಗಳ ಪಕ್ಕದಲ್ಲಿ ಇರಿಸಿಕೊಂಡಿದ್ದೇನೆ, ಅಷ್ಟೆ. "ನಾಳೆ ಸಿಂದಗಿಗೆ ಹೋಗೂಣು," ಎಂದೆ. ಆಕೆ, "ಅಣ್ಣ?" ಎಂದಳು. ನನ್ನ ಹೊಲಿಗೆ ಇನ್ನೂ ಹಸಿಯಿತ್ತು. ಆಕೆ ಇನ್ನು ಎತ್ತುವಂತಿರಲಿಲ್ಲ. ಬೇರೆ ಕೈ ಅವರು ಮುಟ್ಟಿಸಿಕೊಳ್ಳರು. ಶಂಕ್ರವ್ವ ನಿಟ್ಟುಸಿರಿಟ್ಟು, "ಇನ್ನಷ್ಟು ದಿನ ಹ್ಯಾಂಗೋ ತಳ್ಳತೇನಿ ಬಿಡು," ಎಂದಳು. ನಾನೂ ಒಂದು ಕಾಲದಲ್ಲಿ ಇದನ್ನೇ ಹೇಳಿಕೊಂಡಿದ್ದೆ.

ಯಜಮಾನರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆಯಲ್ಲಿದ್ದಾರೆಂದು ನಾವು ತಿಳಿದಿದ್ದೆವು. ಅವರ ಗಂಟಲಿನಿಂದ ಮೊದಲು ಬರಿಯ ಸಪ್ಪಳ ಬಂತು. ಬಳಿಕ ಹೆಸರು ಬಂತು.

"ರೇಣುಕಾ."

ಆಕೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಅವರು ಗೋಡೆಯ ಕಡೆ ತಿರುಗಲಿಲ್ಲ. ಬಲಗೈಯನ್ನು ಮುಂದೆ ಚಾಚಿದರು.

"ಮಂಚಕ್ಕ... ಹೋಗಬೇಕು. ಬಾರವ್ವಾ."

ರೇಣುಕಾ ನನ್ನನ್ನು ನೋಡಿದಳು. ಆಕೆ ತಲೆಯ ಮೇಲಿನ ಸೆರಗನ್ನು ಇಳಿಸಿ ನಡುವಿಗೆ ಸಿಕ್ಕಿಸಿಕೊಂಡಳು. ಅವರ ಎದುರು ನಿಂತು ಕಾಲು ಅಗಲಿಸಿ, ಮೊಣಕಾಲು ಮಡಚಿ, ಅವರ ಎದೆಯನ್ನು ತನ್ನ ಹೆಗಲಿಗೆ ತಂದುಕೊಂಡಳು.

"ಮಾವಾರ, ಬಲಗಾಲ ಊರ್ರಿ. ಭಾರ ನನ್ನ ಮ್ಯಾಲ ಹಾಕ್ರಿ, ನಾಚಬ್ಯಾಡ್ರಿ. ನಾ ನಿಮ್ಮ ಮಗಳಿದ್ದಂಗ. ಹೂಂ, ಏಳ್ರಿ."

ನಾನಾಗಲಿ ಶಂಕ್ರವ್ವನಾಗಲಿ ಅವರನ್ನು ಎಂದೂ ಪೂರ್ತಿ ನಿಲ್ಲಿಸಿದ್ದಿಲ್ಲ. ಬಾಗಿಸಿಯೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದೆವು. ಆ ಹುಡುಗಿಯ ಮೊಣಕಾಲುಗಳು ನೆಟ್ಟಗಾದವು. ಅವರ ಬಲಗಾಲು ನೆಲ ಒತ್ತಿತು. ಬೆನ್ನು ಒಂದೊಂದೇ ಮಣಿಯಾಗಿ ಬಿಚ್ಚಿಕೊಂಡಿತು. ಕಿಟಕಿಯ ಬೆಳಕಿನಲ್ಲಿ ಅವರು ಸೊಸೆಯ ಹೆಗಲ ಮೇಲೆ ಕೈಯಿಟ್ಟು ನಿಂತರು. ನನ್ನ ಪಕ್ಕದಲ್ಲಿ ಶಂಕ್ರವ್ವ, "ಅಯ್ಯ, ನಮ್ಮಣ್ಣ," ಎಂದಳು.

ಎಷ್ಟೋ ವರ್ಷಗಳಿಂದ ನನ್ನ ಮುಖ ಅವರ ಎದೆಗೆ ಒತ್ತಿಕೊಂಡೇ ಇರುತ್ತಿತ್ತು. ಅವರು ಇಷ್ಟು ಎತ್ತರದ ಮನುಷ್ಯರೆಂಬುದು ನನಗೆ ಮರೆತೇಹೋಗಿತ್ತು.